ಮೂವತ್ತೊಂದು ಸ್ಕೋರು ಪುಸ್ತಕ

ವರ್ಲಾ ಉನ್ರೂ ಕೋಚಾಗಿ ಸೇರಿದ ವರ್ಷ
ಕಾಲೇಜು ಅವಳಿಗೆ ಕೊಟ್ಟದ್ದು ಒಂದು ಸೀಟಿ,
ಹನ್ನೊಂದು ಹುಡುಗಿಯರು, ವ್ಯಾನಿನ ಬೀಗದಕೈ,
ಮತ್ತೆ ರೈಲುಹಳಿಯಾಚೆ, ಗೋಧಿ ತುಂಬುವ ಗೋಪುರದ ನೆರಳಲ್ಲಿ
ಯಾರಿಗೂ ಬೇಡವಾದ ಒಂದು ತುಂಡು ನೆಲ.
ಹುಡುಗರ ಬೇಸ್‌ಬಾಲ್ ಮೈದಾನಕ್ಕೆ ದೀಪವಿತ್ತು.
ನಮ್ಮದಕ್ಕೆ ಸಂಜೆ ಇತ್ತು.

ನಾನು ಗ್ರಂಥಾಲಯದ ಗುಮಾಸ್ತೆ.
'ನಿನ್ನ ಅಕ್ಷರ ದುಂಡಗಿದೆ, ಸ್ಕೋರು ಬರಿ' ಅಂದಳು.
ದುಡ್ಡಿನ ಮಾತು ಅವಳೂ ಎತ್ತಲಿಲ್ಲ, ನಾನೂ.
ಕಲಿಸಿದಳು: ಬೀಸಿ ತಪ್ಪಿದವಳಿಗೆ ನೆಟ್ಟಗೆ ಒಂದು ಕೆ.
ಬೀಸದೆ, ನೋಡುತ್ತ ನಿಂತೇ ಔಟಾದವಳಿಗೆ
ಅದೇ ಕೆ, ತಿರುಗಿಸಿ, ಕನ್ನಡಿಯಲ್ಲಿ ಕಂಡ ಹಾಗೆ.
'ಮೊದಲನೆಯವಳನ್ನು ಕ್ಷಮಿಸಬಹುದು.'

ಕಾಲೇಜಿನ ಅಡುಗೆಮನೆಯಿಂದ ಬೇಡಿ ತಂದ
ಉಪ್ಪಿನಕಾಯಿ ಬಕೆಟ್ಟು; ಒಳಗೆ ಚೆಂಡು,
ಮುಚ್ಚಳದ ಮೇಲೆ ಅವಳು.
ಬಿಳಿಯಿದ್ದ ಚೆಂಡು ಹಳದಿಯಾಯಿತು,
ಹುಡುಗಿಯರ ಜಡೆ ಗಿಡ್ಡವಾಗಿ ಮತ್ತೆ ಉದ್ದವಾಯಿತು,
ಬಕೆಟ್ಟಿನ ಸಬ್ಬಸಿಗೆ ವಾಸನೆ ಮಾತ್ರ ಹೋಗಲಿಲ್ಲ.

ಅಂಗಿ ಒಗೆಯುವವಳೂ ಅವಳೇ. ಹಿತ್ತಲ ತಂತಿಯ ಮೇಲೆ
ಕ್ಯಾನ್ಸಸ್ಸಿನ ಗಾಳಿಗೆ ಹೊಟ್ಟೆ ಉಬ್ಬಿಸಿ
ಹನ್ನೊಂದು ನಂಬರು ಕುಣಿಯುತ್ತಿದ್ದವು.
ಮರಿಸೆಲಾ ಕೆಸಾಡಾಳ ಅಪ್ಪ ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ರಬ್ಬರ್ ಬೂಟಿನಲ್ಲೇ ಬಂದು ಮರದ ಬೆಂಚಿನ ಮೇಲೆ ಮಲಗುವನು.
ಮಗಳ ಸರದಿಗೆ ಸರಿಯಾಗಿ ಏಳುವನು.
ಯಾರು ಎಬ್ಬಿಸುತ್ತಾರೆಂದು ಬಹುಕಾಲ ತಿಳಿದಿರಲಿಲ್ಲ.
ಸೀಟಿ. ಆ ಸರದಿಗೆ ಮಾತ್ರ ಎರಡು ಸಲ.

ತೊಂಬತ್ತನಾಲ್ಕರ ಮೇ. ಟ್ವೈಲಾ ಕ್ರೇಬಿಲ್.
ಅವಳ ತೋಳು ಕೆಳಗಿನಿಂದ ಸುತ್ತಿ ಬಂದರೆ
ಚೆಂಡು ಬ್ಯಾಟಿನ ಮುಂದೆ ಮೆಟ್ಟಿಲು ಹತ್ತುತ್ತಿತ್ತು.
'ಕೆಳಗಿನಿಂದ ಎಸೆದರೆ ಹೆಗಲಿಗೇನೂ ಆಗದು,
ನಡೆಯುವಾಗ ಕೈ ಬೀಸಿದ ಹಾಗೆ' –
ಆಗ ಎಲ್ಲರೂ ಹೇಳುತ್ತಿದ್ದದ್ದು ಅದೇ.
ಒಂದೇ ದಿನ ಎರಡು ಪಂದ್ಯ,
ಎರಡನೆಯದು ಹನ್ನೆರಡು ಇನಿಂಗ್ಸು ಎಳೆಯಿತು.
ಎಸೆತ ಎಣಿಸು ಎಂದು ಯಾರೂ ಹೇಳಿರಲಿಲ್ಲ. ಎಣಿಸುತ್ತಿದ್ದೆ,
ಪುಟದ ಅಂಚಿನಲ್ಲಿ, ಐದೈದು ಗೀಟಿನ ಕಂತೆ ಕಟ್ಟಿ.
ಇನ್ನೂರ ಎಂಬತ್ತು ದಾಟಿದಾಗ ತಲೆ ಎತ್ತಿದೆ.
ಟ್ವೈಲಾ ಟೋಪಿಯನ್ನು ಎಡಗೈಯಿಂದ ಸರಿಮಾಡಿಕೊಂಡಳು.
ವರ್ಲಾ ನೋಡಿದಳು.
ವರ್ಲಾ ನೋಡಿದ್ದನ್ನು ನಾನು ನೋಡಿದೆ.
ಅವಳು ಬಕೆಟ್ಟಿನಿಂದ ಏಳಲಿಲ್ಲ,
ನಾನು ಪೆನ್ಸಿಲು ಕೆಳಗಿಡಲಿಲ್ಲ.

ಗೆದ್ದೆವು.

ಟ್ವೈಲಾ ಮತ್ತೆ ಎಸೆಯಲಿಲ್ಲ.

ಮರುವರ್ಷ ವರ್ಲಾಳ ಕೊರಳಲ್ಲಿ ಸೀಟಿಯ ಪಕ್ಕ
ದನದ ಹರಾಜಿನಲ್ಲಿ ಕರು ಎಣಿಸುವ ಪುಟ್ಟ ಯಂತ್ರ.
ನೂರಕ್ಕೆ ಮುಟ್ಟಿದರೆ ಸಾಕು, ಎದ್ದು ನಡೆದು
ಎಸೆಯುವವಳ ಕೈಯಿಂದ ಚೆಂಡು ಇಸಿದುಕೊಳ್ಳುವಳು.
ಎರಡು ಟ್ರೋಫಿ ಹಾಗೆ ನಡೆದೇ ಕಳೆದಳು.
ಕಾಲೇಜಿನ ಅಧ್ಯಕ್ಷರು ಕರೆಸಿ ಕೇಳಿದರು.
ಮಂಡಿ ಹಿಡಿಯುತ್ತದೆ, ನಡೆದರೆ ಒಳ್ಳೆಯದು, ಅಂದಳಂತೆ.

ಬೀಳ್ಕೊಡುವ ದಿನ ಹಿತ್ತಾಳೆ ಫಲಕ ಕೊಟ್ಟರು.
ಗೆಲುವು ಆರುನೂರ ಹನ್ನೊಂದು. ಹೆಸರಿನಲ್ಲಿ ಒಂದಕ್ಷರ ತಪ್ಪು.
ಸೋಲಿನ ಲೆಕ್ಕ ಹಾಕಿರಲಿಲ್ಲ; ಅದು ಅವಳಿಗೆ ಬಾಯಿಪಾಠ.
ಸಾಲಿನ ಕೊನೆಯಲ್ಲಿ ನರೆತ ಕೂದಲಿನ ಹೆಂಗಸೊಬ್ಬಳು
ಎಡಗೈ ಮುಂದೆ ಚಾಚಿದಳು.
ವರ್ಲಾ ಕೈ ಹಿಡಿದು, ಕುಶಲ ಕೇಳದೆ, ಅಂದಳು:
'ಇನ್ನೂರ ತೊಂಬತ್ತಾರು.'
ನನ್ನ ಪುಸ್ತಕದ ಅಂಚನ್ನು ಯಾವಾಗ ಓದಿದ್ದಳೋ.
'ತೊಂಬತ್ತೇಳು,' ಎಂದಳು ಟ್ವೈಲಾ, ನಗುತ್ತ.
'ನಾನೂ ಎಣಿಸಿದ್ದೆ. ಒಂದು ಬಿಟ್ಟಿದ್ದೀರಿ.'
ಆಮೇಲೆ ಇಬ್ಬರೂ ಕೇಕಿನ ಕಡೆ ಹೋದರು.

ಆ ರಾತ್ರಿ ಪುಸ್ತಕ ತೆಗೆದು
ಕಂತೆ ಕಂತೆ ಬಿಚ್ಚಿ ಎಣಿಸಿದೆ.
ತಪ್ಪಿದ್ದು ಎಲ್ಲೆಂದು ಹುಡುಕಬೇಕಿರಲಿಲ್ಲ.
ಎಂಬತ್ತರಾಚೆ ಒಂದು ಕಂತೆಯಲ್ಲಿ
ಗೀಟು ನಾಲ್ಕೇ ಇವೆ.
ನಾನು ತಲೆ ಎತ್ತಿದ್ದು ಆಗ.